ಎರಡು ಎಡಗಾಲುಗಳ ಚಿತ್ರಪಟ

ಓಡುವ ಕಾಲನ್ನು ಎಲ್ಲರೂ ನೋಡುತ್ತಾರೆ; ಆ ಓಟಕ್ಕೆ ಚಿಮ್ಮುವ ಬಲ ಕೊಡುವ ಹಿಮ್ಮಡಿಯ ಬಿಳಿಯ ಹುರಿಯನ್ನು ನೋಡಲು ಕಲಿಸುವವರು ವಿರಳ. ನಮ್ಮ ಅಂಗರಚನಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ, ವಿದ್ಯಾರ್ಥಿಗಳ ಬಾಯಲ್ಲಿ 'ಹಿಮ್ಮಡಿ ಮೇಷ್ಟ್ರು' ಎಂದೇ ಹೆಸರಾದ ಮಾನ್ಯರು ಅಂಥವರಲ್ಲೊಬ್ಬರು.

ಅವರು ಬಂದ ವರ್ಷವೇ ನಾನೂ ಅಲ್ಲಿ ಚಿತ್ರ ಬರೆಯುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ನಮ್ಮ ಕೋಣೆಯ ಕಿಟಕಿಯಿಂದ ಓಟದ ಮೈದಾನ ಕಾಣುತ್ತಿತ್ತು. ಬೆಳಗಿನ ಮಂಜಿನಲ್ಲಿ ನೂರು ಮೀಟರಿನ ಹುಡುಗಿಯರು ಹಿಮ್ಮಡಿ ಊರದೆ ತೇಲಿಹೋಗುತ್ತಿದ್ದರೆ ಮೇಷ್ಟ್ರು ಕೈಯಲ್ಲಿನ ಚಹಾ ಆರುವುದನ್ನೂ ಮರೆತು ನಿಲ್ಲುತ್ತಿದ್ದರು.

"ನೋಡಿ ಅಕ್ಕಾ, ನೆಲ ಕೊಟ್ಟಿದ್ದನ್ನ ಆ ಹುರಿ ಒಂದು ಕ್ಷಣ ಇಟ್ಕೊಂಡು ಹಾಗೇ ವಾಪಸ್ ಕೊಡುತ್ತೆ."

ಆಮೇಲೆ ಇಡೀ ದಿನ ನನ್ನ ಕುಂಚವೂ ನೆಲ ಮುಟ್ಟದೆ ಓಡಿದಂತಿರುತ್ತಿತ್ತು.

ಮೂರನೆಯ ವರ್ಷ, ನನ್ನ ಕೆಲಸ ಕಾಯಂ ಆಗುವುದು ಒಂದು ಚಿತ್ರಪಟದ ಮೇಲೆ ನಿಂತಿತು: ಓಟಗಾರ್ತಿಯ ಎರಡೂ ಪಾದಗಳು, ಹಿಂದಿನಿಂದ. ಸ್ನಾಯುವನ್ನು ಮೂಳೆಗೆ ಕಟ್ಟುವ ಈ ರಜ್ಜುವಿನ ಎಳೆಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಇಳಿಯುತ್ತವೆ. ಎಡಗಾಲಿನಲ್ಲಿ ಒಂದು ದಿಕ್ಕಿಗೆ, ಬಲಗಾಲಿನಲ್ಲಿ ಅದರ ಪ್ರತಿಬಿಂಬದಂತೆ. ಆರು ವಾರ ಒಂದೊಂದೇ ಎಳೆ ಬರೆದೆ. ವಿಭಾಗದ ಮುಖ್ಯಸ್ಥರು ಪಟ ನೋಡಲು ಬರುವ ದಿನ ಬೆಳಿಗ್ಗೆ ಮೇಷ್ಟ್ರು ಅದರ ಮುಂದೆ ನಿಂತು ಮೆಲ್ಲಗೆ ನಕ್ಕರು.

"ಅಕ್ಕಾ, ಪಾಪ ಆ ಹುಡುಗಿಗೆ ಎರಡೂ ಎಡಗಾಲೇ ಕೊಟ್ಬಿಟ್ಟಿದ್ದೀರಲ್ಲ!"

ಅವರೇ ಕೊಟ್ಟಿದ್ದ, ಬಲಗಾಲಿನ ಮಾದರಿಯಿದ್ದ ಜಾಡಿ ನನ್ನ ಮೇಜಿನ ಮೇಲೆಯೇ, ಮುಚ್ಚಳ ತೆರೆಯದೆ ಕುಳಿತಿತ್ತು. ಬಾಗಿಲಲ್ಲಿ ಮುಖ್ಯಸ್ಥರ ಹೆಜ್ಜೆ ಸಪ್ಪಳ ಕೇಳಿತು. ಇವರು ತಮ್ಮ ಬಿಳಿಯ ಕೋಟು ಕಳಚಿ, ಸೆಖೆಯೆಂಬಂತೆ, ಆ ಜಾಡಿಯ ಮೇಲೆ ಹಾಕಿದರು.

"ತಪ್ಪು ನಂದು ಸರ್. ಎಡಗಾಲಿನ ಮಾದರಿ ಒಂದನ್ನೇ ಕೊಟ್ಟಿದ್ದೆ. ನಾನು ಕೊಟ್ಟಿದ್ದನ್ನೇ ಅವರು ಬರೆದಿದ್ದಾರೆ."

"ಅಲ್ರೀ, ಕಾಲಿನ ಪಾಠ ಮಾಡೋರಿಗೇ ಎಡಬಲ ಗೊತ್ತಾಗಲ್ವಾ?" ಎಂದು ಮುಖ್ಯಸ್ಥರು ಗದರಿದರು.

ಆ ವರ್ಷ ನನ್ನ ಕೆಲಸ ಕಾಯಂ ಆಯಿತು. ಇವರ ಬಡ್ತಿ ನಿಂತಿತು. ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಮರುದಿನ ಬಲಗಾಲನ್ನು ತಿದ್ದುವಾಗ ಒದ್ದೆ ಟವೆಲೊಂದನ್ನು ತಿರುಚಿ ನನ್ನೆದುರು ಹಿಡಿದು, ಕೈ ಸೋಲುವವರೆಗೂ ನಿಂತರು.

ತಿದ್ದಿದ ಪಟ ಇಂದಿಗೂ ಆ ಗೋಡೆಯ ಮೇಲಿದೆ. ಇನ್ನು ಅವರ ಬಡ್ತಿಯನ್ನು ಯಾರೂ ತಡೆಯಲಾರರು, ನನ್ನ ಪಿಂಚಣಿಯನ್ನೂ ಯಾರೂ ಕಿತ್ತುಕೊಳ್ಳಲಾರರೆಂಬ ಧೈರ್ಯದಿಂದ ಅಚ್ಚಿನಲ್ಲಿ ಹೇಳುತ್ತಿದ್ದೇನೆ: ಜಾಡಿ ನನ್ನ ಮೇಜಿನ ಮೇಲಿತ್ತು. ನಮ್ಮ ಮೇಷ್ಟ್ರು ನೂರ್ಕಾಲ ಬಾಳಲಿ. ಇನ್ನು ಮೈದಾನದ ಅಂಚಿನಲ್ಲೇ ನಿಂತು ಆ ಹಿಮ್ಮಡಿಗಳನ್ನು ನೋಡಲಿ. ಚಹಾ ಆರಿದರೆ ನಾನು ಬಿಸಿ ಮಾಡಿ ತರುತ್ತೇನೆ.