ಅಣ್ಣ ಕಳಿಸಿದ ಕಪ್ಪು ಕಾಗದ

ಅಣ್ಣನ ಬಲಗೈಯ ಮೂರು ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದವು. ರಜೆಗೆ ದೋರನಹಳ್ಳಿಗೆ ಬಂದಾಗಲೆಲ್ಲ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. "ಹಡಗದ ಮಸಿ ಅದು, ಹೋಗಂಗಿಲ್ಲ ಬಿಡಬೇ ಯವ್ವ," ಎಂದು ಅವನು ನಗುತ್ತಿದ್ದ.

ಪೊಲೀಸ್ ಆ್ಯಕ್ಷನ್ ಆದ ಮೇಲೆ ಅವನು ಬಂದರಿನ ಕಡೆ ಹೋಗಿ, ಸಮುದ್ರದ ಆಳ ಅಳೆಯುವ ಹಡಗಿನಲ್ಲಿ ಖಲಾಸಿಯಾಗಿದ್ದ. ನೀರೊಳಗೆ ಸದ್ದು ಬಿಡುತ್ತಾರೆ. ಅದು ತಳಕ್ಕೆ ಬಡಿದು ವಾಪಸು ಬರುತ್ತದೆ. ಬಂದಾಗಲೆಲ್ಲ ಒಂದು ಮುಳ್ಳು ಕಾಗದ ಸುಟ್ಟು ಗೆರೆ ಎಳೆಯುತ್ತದೆ. ಆ ಕಾಗದದ ಸುರುಳಿ ಬದಲಿಸುವುದು ಅವನ ಕೆಲಸ.

"ಸಮುದ್ರ ನಿನಗ ಓ ಅಂತೈತೇನೋ?" ಎಂದು ಕಟ್ಟೆಯ ಮೇಲಿನವರು ಕಾಡಿಸುತ್ತಿದ್ದರು. ಅಣ್ಣ ಸಿಟ್ಟಾಗುತ್ತಿರಲಿಲ್ಲ. ಎದ್ದು ಹಿಮ್ಮಡಿ ಬಡಿಯುತ್ತ ನಮ್ಮ ಅಂಗಳದಲ್ಲಿ ನಡೆಯುತ್ತಿದ್ದ. ನೆಲದೊಳಗೆ ಜೋಳ ತುಂಬುವ ಹಗೇವಿನ ಮೇಲೆ ಬಂದಾಗ ಸದ್ದು ಬೇರೆಯಾಗುತ್ತಿತ್ತು.

"ಕೇಳಿದ್ರಿಲ್ಲ? ನೆಲ ತೋಡಲಾರದ ಒಳಗ ಪೊಳ್ಳೈತಿ ಅಂತ ಗೊತ್ತಾತು. ಸಮುದ್ರದಾಗೂ ಹಂಗ. ರಾಡಿ ಎಲ್ಲಿತನ, ಗಟ್ಟಿ ನೆಲ ಎಲ್ಲಿಂದ, ಸದ್ದ ಹೇಳತೈತಿ. ಹೋದ ವರ್ಷ ದಿಬ್ಬ ಇದ್ದಲ್ಲಿ ಈ ವರ್ಷ ತಗ್ಗು. ಹೊಳಿ ತಂದ ಮಣ್ಣು ತಳದಾಗ ಜಾರಿಕೋತ ಹೊಂಟೈತಿ."

ಒಂದು ಸಲ ಅವನಿರುವ ಕಡೆಯಿಂದ ಲಕೋಟೆ ಬಂತು. ಟಪಾಲಿನವ ಹೊಲದ ದಾರಿಯಲ್ಲೇ ನನ್ನ ಕೈಗಿತ್ತ. ಒಡೆದರೆ ಸುಟ್ಟ ವಾಸನೆ. ಅರ್ಧ ಕಪ್ಪಾದ ಕಾಗದ, ಅಂಚಿನಲ್ಲಿ ಉರ್ದು ಅಕ್ಷರ. ಅಣ್ಣ ನಿಜಾಮರ ಕಾಲದ ಉರ್ದು ಶಾಲೆಯವನು. ಆಮೇಲೆ ಬಂದ ಕನ್ನಡ ಶಾಲೆಯಲ್ಲಿ ನಾನು ಮೂರನೇ ತರಗತಿಗೆ ಮುಗಿಸಿದವನು. ಕಾಗದ ಬಂದರೆ ಶಹಾಪುರದ ಮುನ್ಷಿಯವರ ಹತ್ತಿರ ಒಯ್ದು ಓದಿಸಬೇಕಿತ್ತು. ಆದರೆ ನಮ್ಮಲ್ಲಿ ಸಾವಿನ ಕಾಗದಕ್ಕೆ ಮಸಿ ಹಚ್ಚಿ ಕಳಿಸುತ್ತಾರೆ. ಅದನ್ನು ಮನೆಯೊಳಗೆ ತರುವುದಿಲ್ಲ, ಹೊರಗೇ ಹರಿದು ಒಗೆಯುತ್ತಾರೆ. ನಾನು ಶಹಾಪುರಕ್ಕೆ ಹೋಗಲಿಲ್ಲ. ಹರಿದು ಹಳ್ಳಕ್ಕೆ ಒಗೆದೆ. ಸಂಜೆಯ ತನಕ ಅಲ್ಲೇ ಕೂತಿದ್ದು ಮನೆಗೆ ಹೋಗಿ, ಅಣ್ಣ ತೀರಿಕೊಂಡನೆಂದು ಹೇಳಿದೆ.

"ಯಾರ ಓದಿದ್ರು?" ಅವ್ವ ಕೇಳಿದಳು.

"ಮುನ್ಷಿಯವ್ರು," ಎಂದೆ.

ಅತ್ತಿಗೆಯ ಬಳೆ ಒಡೆದರು. ಕುಂಕುಮ ಅಳಿಸಿದರು.

ತಿಂಗಳೊಪ್ಪತ್ತಿಗೆ ಅಣ್ಣ ರಜೆಗೆ ಬಂದ. ಬಾಗಿಲಲ್ಲಿ ನಿಂತ ಅತ್ತಿಗೆಯ ಬರಿಗೈ ನೋಡಿ ಟ್ರಂಕು ಇಳಿಸುವುದನ್ನೇ ಮರೆತ. ನಡೆದದ್ದನ್ನೆಲ್ಲ ಅವ್ವ ಹೇಳಿದಳು. ಮರುದಿನ ಶಹಾಪುರಕ್ಕೆ ಹೋದ; ಮುನ್ಷಿಯವರನ್ನು ಕಂಡೇ ಬರುತ್ತಾನೆಂದು ನನಗೆ ಗೊತ್ತಿತ್ತು. ಮಧ್ಯಾಹ್ನ ತಿರುಗಿ ಬಂದವನ ಕೈಯಲ್ಲಿ ಹಸಿರು ಬಳೆ. ನನ್ನನ್ನು ಒಮ್ಮೆ ನೋಡಿದ. ಆಮೇಲೆ ನೆರೆದವರಿಗೆ ಹೇಳಿದ:

"ತಪ್ಪು ನಂದ್ರಿ. ಕೃಷ್ಣಾ ಸಮುದ್ರ ಸೇರೋ ಕಡಿ ತಳ ಅಳದಿದ್ವಿ. ಆ ರಾಡ್ಯಾಗ ನಮ್ಮ ಎರಿ ಮಣ್ಣೂ ಇರ್ತೈತಿ, ಮನ್ಯಾಗಿನವ್ರು ನೋಡ್ಲಿ ಅಂತ ಆ ಕಾಗದ ಕಳಿಸಿದೆ. ಕಳಿಸಬಾರದಿತ್ತು."

"ಒಡದ ಮ್ಯಾಲ ಮತ್ತ ಬಳಿ ಇಡಸೂದು ಪದ್ಧತಿ ಇಲ್ಲೋ," ಎಂದರು ಓಣಿಯ ಹಿರಿಯರೊಬ್ಬರು.

"ಸತ್ತಾಂವ ನಾನು. ನಾನ ಇಡಸಾಕತ್ತೇನಿ. ಮತ್ಯಾರನ್ನ ಕೇಳಬೇಕ್ರಿ ಕಾಕಾ?"

ಅಳುತ್ತಿದ್ದ ಅವ್ವನೂ ನಕ್ಕಳು.

ನನಗೆ ಅವನು ಹೇಳಿದ್ದು ಒಂದೇ ಮಾತು: "ಓದಾಕ ಬರಲಿಲ್ಲಂದ್ರ ಬರಲಿಲ್ಲ ಅನ್ನಬೇಕಪ್ಪ." ಆ ರಜೆಯಲ್ಲಿ ನನ್ನ ಪಕ್ಕ ಕೂತು ಕನ್ನಡ ಅಕ್ಷರ ಕಲಿತ. ಆಮೇಲಿನ ಕಾಗದಗಳೆಲ್ಲ ಅಂಕುಡೊಂಕು ಕನ್ನಡದಲ್ಲೇ ಬಂದವು. ನನ್ನ ಸುಳ್ಳನ್ನು ಅವನು ಯಾರಿಗೂ ಹೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ಅಣ್ಣ ಯಾದಗಿರಿಯ ದವಾಖಾನೆಯಲ್ಲಿ ತೀರಿಕೊಂಡ. ಹತ್ತಿರವಿದ್ದವನು ನಾನೊಬ್ಬನೇ. ಹೆಣವನ್ನು ಅಲ್ಲೇ ಬಿಟ್ಟು ಊರಿಗೆ ಬಂದು ಹೇಳಿದೆ. ಜೋಳ ಕೇರುತ್ತಿದ್ದ ಅತ್ತಿಗೆ ಮೊರ ಹಿಡಿದುಕೊಂಡೇ ನನ್ನ ಮುಖ ನೋಡಿದಳು.

"ನೀ ಖರೇನ ನೋಡಿ ಬಂದಿಯೇನಪ್ಪ?"

"ಹೌದ್ರಿ ವೈನಿ."

"ಇನ್ನೊಮ್ಮೆ ಹೋಗಿ ನೋಡಿ ಬಾ."

ನಾನು ಮತ್ತೆ ಯಾದಗಿರಿಯ ಬಸ್ಸು ಹತ್ತಿದೆ.