ಏಳನೇ ಕಾಯಿ

ನಮ್ಮ ಸಿಂಚನ ಗೆದ್ದಳು. ತಿಪಟೂರಿನಲ್ಲಿ ಇವತ್ತು ನಡೆದ ಮಕ್ಕಳ ವಿಜ್ಞಾನ ಮೇಳದಲ್ಲಿ ನನ್ನ ಮೊಮ್ಮಗಳೇ ಮೊದಲು; ಇನ್ನು ಜಿಲ್ಲೆಗೆ ಹೋಗುತ್ತಾಳೆ. ನೊಣವಿನಕೆರೆ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಪಕ್ಕದಲ್ಲಿ ತೂಕಡಿಸುತ್ತಿದ್ದವರನ್ನು ಎಬ್ಬಿಸಿ ಹೇಳಿದೆ. ಈಗ ನಿಮಗೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಟ್ಟದ ತೆಂಗಿನಕಾಯಿಯ ವಿಷಯದಲ್ಲಿ ಮನೆಯಲ್ಲಿ ನನ್ನದೇ ಕಡೆಯ ಮಾತು. ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟರೆ ಒಳಗಿನ ನೀರು ಬತ್ತಿ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಹೋದ ವರ್ಷ ಈ ಹುಡುಗಿ ಕೇಳಿದಳು:

"ಕಾಯಿ ಮುಚ್ಚೇ ಇರ್ತದಲ್ಲಜ್ಜಿ, ನೀರು ಎಲ್ಲಿಗೆ ಹೋಯ್ತು?"

"ಕಾಯೇ ಕುಡ್ಕಂತದೆ ಕಣೇ."

"ಹಂಗಾದ್ರೆ ತೂಕ ಕಮ್ಮಿ ಆಗಬಾರ್ದು."

ಐವತ್ತು ವರ್ಷ ಕಾಯಿ ಅಲ್ಲಾಡಿಸಿ ಸದ್ದು ಕೇಳಿದ ನನಗೆ ತೂಗಿ ನೋಡಬೇಕೆಂದು ಹೊಳೆದಿರಲಿಲ್ಲ. ಅವಳು ಹತ್ತು ಕಾಯಿಗೆ ನಂಬರು ಬರೆದು, ಪ್ರತಿ ಭಾನುವಾರ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. "ತುಂಬ ಚುರುಕು ಹುಡುಗಿ, ದಯವಿಟ್ಟು ಮನೇಲಿ ಯಾರೂ ಸಹಾಯ ಮಾಡಬೇಡಿ" ಎಂದು ಮೇಷ್ಟ್ರು ಹೇಳಿ ಕಳಿಸಿದರು.

ಮಾಡದೆ ಇರುವುದು ಸುಲಭವೇ, ನೀವೇ ಹೇಳಿ. ಮೂರು ತಿಂಗಳಾದ ಮೇಲೆ ಒಂದು ಸೋಮವಾರ, ಮಗು ಗೆಲ್ಲಲಿ ಎಂದು ಅಟ್ಟದಿಂದ ಕೈಗೆ ಸಿಕ್ಕ ಕಾಯಿ ಸುಲಿದು ಈಶ್ವರನಿಗೆ ಒಡೆಸಿಕೊಂಡು ಬಂದೆ. ಅದು ಅವಳ ಏಳನೇ ಕಾಯಿ. ನಂಬರು ಆಚೆ ಮಗ್ಗುಲಿಗಿತ್ತು, ಸುಲಿಯುವ ಆತುರದಲ್ಲಿ ನೋಡಲಿಲ್ಲ.

ಸಿಂಚನ ಅಟ್ಟದ ಏಣಿಯ ಮೇಲೆ ಕೂತು ಅತ್ತಳು. ಎಲ್ಲ ಹಾಳಾಯ್ತು, ಮೇಳಕ್ಕೇ ಹೋಗಲ್ಲ ಎಂದಳು. ನಾನು ಪ್ರಸಾದದ ಚೂರನ್ನು ಸೆರಗಿಗೆ ಕಟ್ಟಿಕೊಂಡೆ. ನನ್ನ ಮಗ ಸಮಾಧಾನ ಹೇಳಿದ:

"ಏಳಕ್ಕೆ ಅಂದಾಜಲ್ಲಿ ಏನಾರ ಬರ್ಕೊ ಬುಡು. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲಪ್ಪ."

ಮೂಗೊರೆಸಿಕೊಂಡು ಅವಳು ಬರೆದದ್ದನ್ನು ಇವತ್ತು ಪರೀಕ್ಷಕರು ಗಟ್ಟಿಯಾಗಿ ಓದಿದರು: "ಏಳನೇ ಕಾಯಿಯನ್ನು ನನ್ನ ಅಜ್ಜಿ ದೇವರಿಗೆ ಒಡೆದರು. ಉಳಿದ ಒಂಬತ್ತರಲ್ಲೂ ತೂಕ ಇಳಿದಿದೆ. ಅಜ್ಜಿ ಹೇಳಿದ್ದು ತಪ್ಪಿರಬಹುದು." ಸಭೆಯೆಲ್ಲ ನಕ್ಕಿತು. ನಾನು ಎದ್ದು ಕೈಮುಗಿದೆ. ಸಿಪ್ಪೆ ಒಣಗಿದ್ದಕ್ಕೂ ತೂಕ ಇಳಿದಿರಬಹುದಲ್ಲ ಎಂದು ಅವರು ಕೇಳಿದರು.

"ಇರ್ಬೋದು ಸಾರ್. ಗೊತ್ತಿಲ್ಲ. ಸುಲಿದ ಕಾಯಿ ತೂಗಿ ನೋಡ್ತೀನಿ."

ಆ 'ಗೊತ್ತಿಲ್ಲ'ಕ್ಕೇ ಮೊದಲ ಸ್ಥಾನ ಕೊಟ್ಟೆವು ಎಂದು ಆಮೇಲೆ ಅವರೇ ಹೇಳಿದರು. ನನ್ನ ಆಯುಸ್ಸಿನಲ್ಲಿ ನಾನು ಹೇಳದೇ ಹೋದ ಮಾತು ಅದು.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಸಿಂಚನ ಮುದ್ದೆ ಮುರಿದು ಸುಟ್ಟ ಬೆರಳಿಗೆ ಊದುತ್ತ, "ಮೇಲೆ ಆರಿದ್ರೂ ಮುದ್ದೆ ಒಳಗ್ಯಾಕಜ್ಜಿ ಸುಡ್ತದೆ?" ಎಂದಳು. ಮಗ, ಸೊಸೆ ಇಬ್ಬರೂ ನನ್ನ ಬಾಯನ್ನೇ ನೋಡಿದರು. ಉತ್ತರ ನಾಲಿಗೆ ತುದಿಗೆ ಬಂದಿತ್ತು. ದೊಡ್ಡದೊಂದು ತುತ್ತನ್ನು ಸಾರಿಗೆ ಅದ್ದಿ, ಅದರ ಜೊತೆಗೇ ಉತ್ತರವನ್ನೂ ನುಂಗಿಬಿಟ್ಟೆ.