ಮೇಲಿನ ಮನೆಯ ಹನಿ

ಕಾರ್ಕಳದಾಚೆ ಘಟ್ಟದ ಬುಡದಲ್ಲಿರುವ ಅಕ್ಕನ ಮನೆಯ ಬಾವಿಯೊಳಗೆ, ವರ್ಷವಿಡೀ ನೀರು ಜಿನುಗುವ ಕಲ್ಲಿಗೆ ಕೆನ್ನೆಯೊತ್ತಿಕೊಂಡು ಕಾಡು ಬಿಗೋನಿಯಾ ತಿಳಿಗುಲಾಬಿ ಹೂ ಬಿಡುತ್ತದೆ. ಅದರ ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರ್ಕಳದ ನನ್ನ ಬಾಡಿಗೆ ಮನೆಗೆ ಮೂರು ಸಲ ತಂದೆ. ಕುಂಡದಲ್ಲಿ ನೆಟ್ಟು, ನೆರಳಲ್ಲಿಟ್ಟು, ಹೊತ್ತು ಹೊತ್ತಿಗೆ ನೀರು ಹೊಯ್ದೆ. ಎರಡು ಕೊಳೆತುಹೋದವು. ಮೂರನೆಯದರ ಬುಡವೂ ಕಪ್ಪಾಗತೊಡಗಿದಾಗ ಸಿಟ್ಟು ಬಂದು, ಕುಂಡವನ್ನು ಹಿತ್ತಿಲ ಗೋಡೆಯ ಮೂಲೆಗೆ ಕವುಚಿ ಬಂದೆ.

ಆ ಮೂಲೆಗೆ ಮೇಲಿನ ಮನೆಯ ಎಸಿಯ ನೀರು ತೊಟ್ಟಿಕ್ಕುತ್ತಿತ್ತು. ಗೋಡೆಯೆಲ್ಲ ಪಾಚಿಗಟ್ಟಿತೆಂದು ಅಲ್ಲಿಯ ಮೇಷ್ಟ್ರೊಡನೆ ನಾನು ಎಷ್ಟೋ ಸಲ ಜಗಳವಾಡಿದ್ದೆ. ಎರಡು ತಿಂಗಳ ಮೇಲೆ ನೋಡಿದರೆ, ಅದೇ ಪಾಚಿಯಲ್ಲಿ ಎಸೆದ ಗೆಲ್ಲು ಬೇರೂರಿತ್ತು. ಉದುರಿದ ಎಲೆಯಿಂದಲೂ ಮರಿಸಸಿ ಹುಟ್ಟಿತ್ತು. ಅದಕ್ಕೆ ನಿಂತ ನೀರು ಆಗದು, ಜಿನುಗುವ ನೀರೇ ಬೇಕು. ಬೇಸಿಗೆಯ ಸಂಜೆ ಅದರ ಪಕ್ಕ ಕಣ್ಣು ಮುಚ್ಚಿ ಕುಳಿತರೆ, ಹನಿಯ ಸದ್ದಿಗೆ ರಸ್ತೆಯ ಗದ್ದಲ ದೂರ ಸರಿದು, ಅಕ್ಕನ ಬಾವಿಯ ತಂಪು ಮೆಲ್ಲನೆ ಮೇಲೇರಿ ಬರುತ್ತಿತ್ತು.

ಒಂದು ದಿನ ಹನಿ ನಿಂತಿತು. ನನ್ನ ಕಾಟ ತಡೆಯಲಾರದೆ ಮೇಷ್ಟ್ರು ಪೈಪು ಹಾಕಿಸಿ ನೀರನ್ನು ಚರಂಡಿಗೆ ಬಿಟ್ಟಿದ್ದರು. ನಾನು ಮೆಟ್ಟಿಲು ಹತ್ತಿದೆ.

"ಆ ಪೈಪು ತೆಗೆದುಬಿಡಿ ಮೇಷ್ಟ್ರೇ, ನೀರು ಮೊದಲಿನ ಹಾಗೆ ಬೀಳಲಿ."

"ಎಂತ ಮಾರಾಯ್ರೇ, ಬೈದದ್ದು ನೀವೇ ಅಲ್ವಾ?"

ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ಪಾಚಿಯ ನಡುವೆ ಅರಳಿದ್ದ ಹೂ ತೋರಿಸಿದೆ. ಅವರು ಬಗ್ಗಿ ನೋಡಿದರು. ಆಮೇಲೆ ತಾವೇ ಪೈಪು ಕಿತ್ತರು.

ಈಗ ಸಂಜೆ ಅವರು ಶಾಲೆಯಿಂದ ಬಂದು ರಿಮೋಟ್ ಒತ್ತಿದರೆ, ನನ್ನ ಘಟ್ಟದಲ್ಲಿ ಮಳೆ ಶುರುವಾಗುತ್ತದೆ.